ಹಳೆಯ ಕಾರು ಮತ್ತು ಮಾರುವವನ ಮೌನ

ಮಧ್ಯಮ ವರ್ಗದ ಕುಟುಂಬದಲ್ಲಿ ಕಾರಿಗೆ ಮನೆಯ ಸದಸ್ಯನ ಸ್ಥಾನವಿರುತ್ತದೆ. ಮದುವೆಯ ದಿಬ್ಬಣಕ್ಕೂ ಹೆರಿಗೆಯ ಆಸ್ಪತ್ರೆಗೂ, ಮಕ್ಕಳ ಪರೀಕ್ಷೆಗೂ ಹಿರಿಯರ ಅಂತ್ಯಕ್ರಿಯೆಗೂ ಅದೇ ಕಾರು ಬಂದಿರುತ್ತದೆ. 1983ರ ಡಿಸೆಂಬರಿನಲ್ಲಿ ರಸ್ತೆಗಿಳಿದ ಮಾರುತಿ 800 ನಮ್ಮ ನಾಡಿನ ಎಷ್ಟೋ ಮನೆಗಳಿಗೆ ಮೊದಲ ಕಾರಾಯಿತು. 2014ರಲ್ಲಿ ಅದರ ತಯಾರಿಕೆ ನಿಂತಿತಾದರೂ ಆ ಪುಟ್ಟ ಮೂರು ಸಿಲಿಂಡರಿನ ಇಂಜಿನ್ನಿನ ಸದ್ದನ್ನು ಊರುಗಳ ಒಳರಸ್ತೆಗಳಲ್ಲಿ ನೀವು ಈಗಲೂ ಕೇಳಬಹುದು. ಇಂತಹ ಕಾರಿಗೂ ಒಂದು ದಿನ ಮುಪ್ಪು ಬರುತ್ತದೆ. ಬಾಗಿಲು, ಸೀಟು, ಬಣ್ಣ ಇವುಗಳ ಮುಪ್ಪನ್ನು ಸಹಿಸಿಕೊಳ್ಳಬಹುದು. ಇಂಜಿನ್ ಕೈಕೊಟ್ಟಾಗ ಮಾತ್ರ ಮನೆಯವರೆಲ್ಲರೂ ಕುಳಿತು ಯೋಚಿಸಬೇಕಾಗುತ್ತದೆ.

ಇಂಜಿನ್ ಸಾಮಾನ್ಯವಾಗಿ ಮುನ್ಸೂಚನೆ ಕೊಟ್ಟೇ ಕೆಡುತ್ತದೆ. ರೇಡಿಯೇಟರಿನ ನೀರು ಸೋರಿ ಇಂಜಿನ್ ಅತಿಯಾಗಿ ಬಿಸಿಯಾದರೆ ಸಿಲಿಂಡರ್ ಹೆಡ್ ಬಾಗುತ್ತದೆ, ಅದರಡಿಯ ಗ್ಯಾಸ್ಕೆಟ್ ಹಾಳಾಗುತ್ತದೆ. ನೀರು ಆಯಿಲಿನೊಳಗೆ ಸೇರಿ ಆಯಿಲು ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ಪಿಸ್ಟನ್ನಿನ ರಿಂಗುಗಳು ಸವೆದರೆ ಆಯಿಲು ಮೇಲೇರಿ ಪೆಟ್ರೋಲಿನ ಜೊತೆಗೇ ಉರಿಯುತ್ತದೆ, ಸೈಲೆನ್ಸರಿನಿಂದ ನೀಲಿ ಹೊಗೆ ಬರುತ್ತದೆ. ಬೇರಿಂಗುಗಳು ಸವೆದರೆ ಒಳಗಿನಿಂದ ಬಡಿತದ ಸದ್ದು ಕೇಳಿಸುತ್ತದೆ. ಗ್ಯಾರೇಜಿನ ಮೆಕ್ಯಾನಿಕ್ ಬಾನೆಟ್ ಎತ್ತಿ ನೋಡಿ, "ಇಂಜಿನ್ ಕೆಲಸ ಇದೆ, ಪೂರ್ತಿ ಬಿಚ್ಚಬೇಕಾಗುತ್ತದೆ" ಎನ್ನುತ್ತಾನೆ. ಅವನು ಹೇಳಿದ ಮೊತ್ತ ಕೆಲವೊಮ್ಮೆ ಕಾರಿನ ಬೆಲೆಯ ಅರ್ಧವನ್ನೂ ಮೀರಿರುತ್ತದೆ.

ಆಗ ಕುಟುಂಬದ ಮುಂದೆ ಮೂರು ದಾರಿಗಳಿರುತ್ತವೆ: ರಿಪೇರಿ ಮಾಡಿಸುವುದು, ಗುಜರಿಗೆ ಹಾಕುವುದು, ಇದ್ದ ಹಾಗೆಯೇ ಮಾರಿಬಿಡುವುದು. ಮೊದಲೆರಡು ಬಹುಮಟ್ಟಿಗೆ ಮನೆಯ ಲೆಕ್ಕಾಚಾರದ ಮಾತುಗಳು. ಲಾಭವಾಗಲಿ ನಷ್ಟವಾಗಲಿ ನಿಮ್ಮ ಹೊಸ್ತಿಲೊಳಗೇ ಉಳಿಯುತ್ತದೆ. ಮೂರನೆಯ ದಾರಿಯಲ್ಲಿ ಮಾತ್ರ ಇನ್ನೊಬ್ಬ ಮನುಷ್ಯನು ನಿಮ್ಮ ಅಂಗಳಕ್ಕೆ ಬರುತ್ತಾನೆ. ಕಾರಿನ ಸುತ್ತ ಒಂದು ಸುತ್ತು ಹಾಕಿ, ಟೈರನ್ನು ಕಾಲಿನಿಂದ ಒತ್ತಿ ನೋಡಿ, "ಇಂಜಿನ್ ಹೇಗಿದೆ ಸರ್?" ಎಂದು ಕೇಳುತ್ತಾನೆ. ಕೆಲವರು ಅದನ್ನೂ ಕೇಳುವುದಿಲ್ಲ. ಆ ಕ್ಷಣದಲ್ಲಿ ನಿಮಗೆ ಗೊತ್ತಿರುವುದು ಅವನಿಗೆ ಗೊತ್ತಿಲ್ಲ. ನೀವು ಅವನಿಗೆ ಏನು ಹೇಳಬೇಕು? ಕೇಳದಿದ್ದರೂ ಹೇಳಬೇಕೇ? ಈ ಲೇಖನದ ಪ್ರಶ್ನೆ ಇಷ್ಟೇ.

ಈ ಪ್ರಶ್ನೆ ಕಾರಿಗಿಂತ ಬಹಳ ಹಳೆಯದು. ಕ್ರಿಸ್ತಪೂರ್ವ 44ರಲ್ಲಿ ರೋಮಿನ ಸಿಸೆರೊ ಕರ್ತವ್ಯಗಳನ್ನು ಕುರಿತು ಬರೆದ ಗ್ರಂಥದಲ್ಲಿ ಒಂದು ಮನೆಯ ಮಾರಾಟವನ್ನು ಚರ್ಚಿಸುತ್ತಾನೆ. ಆ ಮನೆ ವಾಸಕ್ಕೆ ಯೋಗ್ಯವಲ್ಲ, ಅದರ ಮರಮಟ್ಟು ಕೆಟ್ಟಿದೆ. ಇದು ಒಡೆಯನ ಹೊರತು ಯಾರಿಗೂ ತಿಳಿದಿಲ್ಲ. ಅವನು ಸುಮ್ಮನಿದ್ದು ಒಳ್ಳೆಯ ಬೆಲೆಗೆ ಮಾರಿದರೆ ಅದು ಅನ್ಯಾಯವೇ? ಡಯೋಜಿನಿಸ್ ಎಂಬ ತತ್ತ್ವಜ್ಞಾನಿಯ ಪಕ್ಷದಲ್ಲಿ ಬರುವ ಉತ್ತರವಿದು: ಮಾರುವವನು ಬಲವಂತ ಮಾಡಲಿಲ್ಲ, ಕೊಳ್ಳುವವನು ತನ್ನ ಇಚ್ಛೆಯಿಂದಲೇ ಕೊಂಡನು, ಎಲ್ಲವನ್ನೂ ಸಾರಿ ಹೇಳುತ್ತಾ ಮಾರುವುದು ಮೂರ್ಖತನ. ಅವನ ಶಿಷ್ಯ ಆಂಟಿಪೇಟರನ ಪಕ್ಷ ಇದಕ್ಕೆ ವಿರುದ್ಧವಾದುದು: ತಿಳಿದೂ ತಿಳಿದೂ ಒಬ್ಬನನ್ನು ತಪ್ಪಿಗೆ ಬೀಳಗೊಡುವುದು ದಾರಿ ತಪ್ಪಿದವನಿಗೆ ದಾರಿ ತೋರಿಸದಿರುವುದಕ್ಕಿಂತಲೂ ಕೆಟ್ಟದ್ದು. ಸಿಸೆರೊ ತಾನೇ ತೀರ್ಪು ಕೊಡುತ್ತಾನೆ. ಸುಮ್ಮನಿರುವುದೆಲ್ಲವೂ ಮುಚ್ಚಿಡುವುದಲ್ಲ, ಆದರೆ ಇನ್ನೊಬ್ಬನು ತಿಳಿದರೆ ಅವನಿಗೆ ಹಿತವಾಗುವ ಸಂಗತಿಯನ್ನು ಸ್ವಂತ ಲಾಭಕ್ಕಾಗಿ ತಿಳಿಯಗೊಡದಿರುವುದು ಮುಚ್ಚಿಡುವುದೇ ಸರಿ.

ಹದಿಮೂರನೆಯ ಶತಮಾನದಲ್ಲಿ ಸಂತ ತೋಮಸ್ ಅಕ್ವಿನಾಸರು ಇದೇ ಪ್ರಶ್ನೆಯನ್ನು ಇನ್ನಷ್ಟು ಸೂಕ್ಷ್ಮವಾಗಿ ಪರಿಶೀಲಿಸಿದರು. ಅವರ ವಿವೇಚನೆಯ ಸಾರ ಹೀಗಿದೆ: ದೋಷವು ಕಣ್ಣಿಗೆ ಕಾಣದಂತಹುದಾಗಿ, ಕೊಳ್ಳುವವನಿಗೆ ನಷ್ಟವನ್ನೋ ಅಪಾಯವನ್ನೋ ತರುವಂತಹುದಾಗಿದ್ದರೆ ಮಾರುವವನು ಅದನ್ನು ಹೇಳಲೇಬೇಕು. ಕುಂಟುವ ಕುದುರೆಯನ್ನು ವೇಗದ ಕುದುರೆಯೆಂದು, ಬೀಳುವ ಮನೆಯನ್ನು ಗಟ್ಟಿ ಮನೆಯೆಂದು ಮಾರುವುದು ಅಧರ್ಮ. ಆದರೆ ದೋಷವು ಎದುರಿಗೇ ಕಾಣುತ್ತಿದ್ದು, ಅದಕ್ಕೆ ತಕ್ಕಂತೆ ಬೆಲೆಯನ್ನೂ ಇಳಿಸಿದ್ದರೆ ಅದನ್ನು ಬಾಯಿಬಿಟ್ಟು ಸಾರಬೇಕಾದ ಹೊಣೆ ಅವನಿಗಿಲ್ಲ. ಏಕೆಂದರೆ ಕೊಳ್ಳುವವನು ಅದನ್ನೇ ನೆಪವಾಗಿಸಿ ನ್ಯಾಯಕ್ಕಿಂತ ಹೆಚ್ಚಾಗಿ ಬೆಲೆ ಇಳಿಸಲು ನೋಡಬಹುದು. ಒಂದು ಕಣ್ಣಿಲ್ಲದ ಕುದುರೆ ಇದಕ್ಕೆ ಅವರು ಕೊಡುವ ಉದಾಹರಣೆ. ಮಾರುವವನು ಸುಮ್ಮನೆ ನಷ್ಟಕ್ಕೆ ಗುರಿಯಾಗಬೇಕೆಂದು ಈ ಸಂತರು ಹೇಳಲಿಲ್ಲ ಎಂಬುದನ್ನು ಗಮನಿಸಿರಿ. ಈ ಮಾತನ್ನು ಕಾರಿಗೆ ಅನ್ವಯಿಸಿದರೆ, ಮಾಸಿದ ಬಣ್ಣವೂ ಹರಿದ ಸೀಟೂ ಒಂದು ಕಣ್ಣಿಲ್ಲದ ಕುದುರೆಯಂತೆ. ಸುಟ್ಟ ಹೆಡ್ ಗ್ಯಾಸ್ಕೆಟ್ ಬೀಳುವ ಮನೆಯಂತೆ.

ನಮ್ಮ ದೇಶದ ಕಾನೂನು ಏನು ಹೇಳುತ್ತದೆ? 1872ರ ಭಾರತೀಯ ಕರಾರು ಅಧಿನಿಯಮದ 17ನೆಯ ಕಲಮು ವಂಚನೆ ಎಂದರೇನೆಂದು ವಿವರಿಸುತ್ತದೆ. ಅಲ್ಲಿಯೂ ಒಂದು ಕುದುರೆಯೇ ಬರುತ್ತದೆ. ಕುದುರೆಗೆ ರೋಗವಿದೆಯೆಂದು ತಿಳಿದವನೊಬ್ಬನು ಏನನ್ನೂ ಹೇಳದೆ ಅದನ್ನು ಹರಾಜಿನಲ್ಲಿ ಮಾರಿದರೆ ಅದು ವಂಚನೆಯಾಗುವುದಿಲ್ಲ. ಬರಿಯ ಮೌನವನ್ನು ಕಾನೂನು ಸಾಮಾನ್ಯವಾಗಿ ಶಿಕ್ಷಿಸುವುದಿಲ್ಲ. ಆದರೆ ಅದರ ಬೆನ್ನಿಗೇ ಇನ್ನೊಂದು ದೃಷ್ಟಾಂತವಿದೆ. ಕೊಳ್ಳುವವಳು ಮಾರುವವನ ಸ್ವಂತ ಮಗಳಾಗಿದ್ದು, ಆಗಷ್ಟೇ ಪ್ರಾಪ್ತ ವಯಸ್ಸಿಗೆ ಬಂದವಳಾಗಿದ್ದರೆ, ಆ ಸಂಬಂಧದ ಕಾರಣದಿಂದಲೇ ಸತ್ಯವನ್ನು ಹೇಳುವುದು ಅವನ ಕರ್ತವ್ಯವಾಗುತ್ತದೆ. ಮೂರನೆಯದರಲ್ಲಿ ಕೊಳ್ಳುವವನು, "ನೀವು ಇಲ್ಲವೆನ್ನದಿದ್ದರೆ ಕುದುರೆ ಆರೋಗ್ಯವಾಗಿದೆ ಎಂದು ಭಾವಿಸುತ್ತೇನೆ" ಎಂಬರ್ಥದ ಮಾತನ್ನು ಹೇಳುತ್ತಾನೆ. ಆಗ ಮಾರುವವನ ಮೌನ ಮಾತಿಗೆ ಸಮಾನವಾಗುತ್ತದೆ. ಇದಲ್ಲದೆ, ತಿಳಿದಿರುವ ಸಂಗತಿಯನ್ನು ಬೇಕೆಂದೇ ಮರೆಮಾಚಲು ಕೈಹಾಕಿದರೆ ಅದು ಯಾರ ವಿಷಯದಲ್ಲಿಯೂ ವಂಚನೆಯೇ.

ಈ ಕೊನೆಯ ಮಾತು ಹಳೆಯ ಕಾರುಗಳ ವ್ಯಾಪಾರಕ್ಕೆ ಚೆನ್ನಾಗಿ ಅನ್ವಯಿಸುತ್ತದೆ. ನೀಲಿ ಹೊಗೆಯೂ ಬಡಿತದ ಸದ್ದೂ ಕೆಲವು ದಿನ ಅಡಗಿರಲೆಂದು ಗಟ್ಟಿಯಾದ ಆಯಿಲನ್ನೋ ಆಯಿಲಿಗೆ ಬೆರೆಸುವ ಔಷಧಿಯನ್ನೋ ಸುರಿಯುವುದುಂಟು. ತಣ್ಣಗಿರುವ ಇಂಜಿನ್ ಚಾಲೂ ಆಗುವಾಗ ಅದರ ದೋಷ ಬೇಗ ಬಯಲಾಗುವುದರಿಂದ, ಗಿರಾಕಿ ಬರುವ ಮೊದಲೇ ಕಾರನ್ನು ಓಡಿಸಿ ಬಿಸಿ ಮಾಡಿ ಇಡುವುದುಂಟು. ಸೋರಿದ ಆಯಿಲಿನ ಕಲೆ ಕಾಣದಂತೆ ಇಂಜಿನ್ನನ್ನು ತೊಳೆದು ಹೊಳಪಿಸುವುದುಂಟು. ಓಡಿದ ಕಿಲೋಮೀಟರನ್ನು ತಿದ್ದುವುದೂ ಉಂಟು. ಇವುಗಳಲ್ಲಿ ಯಾವುದರಲ್ಲಿಯೂ ಬಾಯಿಂದ ಸುಳ್ಳು ಹೊರಡುವುದಿಲ್ಲ. ಕೈಯೇ ಸುಳ್ಳು ಹೇಳುತ್ತದೆ.

ಆದರೆ ನಿಮ್ಮಂತಹ ಸಜ್ಜನರ ಕಷ್ಟ ಇದಲ್ಲ. ಏನನ್ನೂ ಮರೆಮಾಚದೆ, ಏನನ್ನೂ ಹೇಳದೆ ಸುಮ್ಮನಿದ್ದು ಮಾರಿದರೆ ಸಾಲದೇ ಎಂಬುದೇ ನಿಜವಾದ ಶೋಧನೆ. ಕಾನೂನು ಇಲ್ಲಿ ನಿಮ್ಮನ್ನು ಬಹುಶಃ ತಡೆಯಲಾರದು. ಇದಕ್ಕೆ ಸಾಮಾನ್ಯವಾಗಿ ಕೊಡಲಾಗುವ ಸಮರ್ಥನೆಗಳನ್ನು ಒಂದೊಂದಾಗಿ ನೋಡೋಣ.

"ಕೊಳ್ಳುವವನು ಮೆಕ್ಯಾನಿಕ್ಕನ್ನು ಕರೆತಂದು ನೋಡಿಕೊಳ್ಳಲಿ" ಎಂಬುದು ಮೊದಲನೆಯದು. ಇದರಲ್ಲಿ ನ್ಯಾಯವಿಲ್ಲದೆ ಇಲ್ಲ, ಕೊಳ್ಳುವವನೂ ಎಚ್ಚರದಿಂದಿರಬೇಕು. ಆದರೆ ವರ್ಷಗಟ್ಟಲೆ ಆ ಕಾರನ್ನು ಓಡಿಸಿದ ನಿಮಗೆ ತಿಳಿದುದು ಅರ್ಧ ಗಂಟೆ ನೋಡುವವನಿಗೆ ತಿಳಿಯುವುದು ಹೇಗೆ? ಮೇಲಾಗಿ ಇಷ್ಟು ಹಳೆಯ ಕಾರನ್ನು ಹುಡುಕಿಕೊಂಡು ಬರುವವನು ಸಾಮಾನ್ಯವಾಗಿ ನಿಮಗಿಂತ ಕಡಿಮೆ ಅನುಕೂಲವುಳ್ಳವನು. ಚೀಟಿ ಎತ್ತಿಯೋ ಸಾಲ ಮಾಡಿಯೋ ಹಣ ಹೊಂದಿಸಿ, ತನ್ನ ಮನೆಗೆ ಮೊದಲ ಕಾರನ್ನು ತರುವ ಸಂಭ್ರಮದಲ್ಲಿ ಬಂದಿರುತ್ತಾನೆ.

"ಎಲ್ಲರೂ ಹೀಗೆಯೇ ಮಾಡುತ್ತಾರೆ, ನನಗೆ ಮಾರಿದವನೂ ಹೇಳಿರಲಿಲ್ಲ" ಎಂಬುದು ಎರಡನೆಯದು. ಎಲ್ಲರೂ ಹೀಗೆಯೇ ಮಾಡಿದರೆ ಏನಾಗುತ್ತದೆ ಎಂಬುದನ್ನು ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಪ್ರಕಟಿಸಿದ ಒಂದು ಲೇಖನದಲ್ಲಿ ವಿವರಿಸಿದರು. ಹಳೆಯ ಕಾರುಗಳ ಮಾರುಕಟ್ಟೆಯೇ ಅವರ ಉದಾಹರಣೆ. ಯಾವುದು ಒಳ್ಳೆಯ ಕಾರು, ಯಾವುದು ಕೆಟ್ಟದ್ದು ಎಂದು ತಿಳಿಯಲಾರದ ಗಿರಾಕಿಯು ಎಲ್ಲ ಕಾರಿಗೂ ಮಧ್ಯಮ ಬೆಲೆಯನ್ನೇ ಕೊಡಲು ಮುಂದಾಗುತ್ತಾನೆ. ಆ ಬೆಲೆಗೆ ಒಳ್ಳೆಯ ಕಾರನ್ನು ಕೊಡಲೊಪ್ಪದೆ ಅದರ ಒಡೆಯರು ಹಿಂದೆ ಸರಿಯುತ್ತಾರೆ. ಉಳಿದವುಗಳಲ್ಲಿ ಕೆಟ್ಟವೇ ಹೆಚ್ಚಾದಾಗ ಬೆಲೆ ಮತ್ತೂ ಇಳಿಯುತ್ತದೆ. ಕೊನೆಗೆ ಮಾರುಕಟ್ಟೆಯೇ ಕುಸಿಯಬಹುದು. ಈ ಬಗೆಯ ಚಿಂತನೆಗಾಗಿ ಅವರು 2001ರಲ್ಲಿ ಇನ್ನಿಬ್ಬರೊಡನೆ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡರು. ಒಬ್ಬೊಬ್ಬನ ಮೌನವೂ ಸೇರಿಕೊಂಡು, ಸತ್ಯ ಹೇಳುವವನ ಮಾತನ್ನೂ ಯಾರೂ ನಂಬದ ಸ್ಥಿತಿಯನ್ನು ತರುತ್ತದೆ. ನಿಮಗೆ ಮಾರಿದವನು ಮಾಡಿದ ಅನ್ಯಾಯದ ಸಾಲವನ್ನು ಅವನಿಂದ ವಸೂಲು ಮಾಡುವ ಹಕ್ಕು ನಿಮಗಿರಬಹುದು. ಅದರಲ್ಲಿ ಭಾಗಿಯಲ್ಲದ ಮೂರನೆಯವನಿಂದ ವಸೂಲು ಮಾಡುವ ಹಕ್ಕು ನಿಮಗಿಲ್ಲ.

ಮೂರನೆಯ ಸಮರ್ಥನೆಯೇ ಎಲ್ಲಕ್ಕಿಂತ ಪ್ರಬಲವಾದುದು: "ನನಗೂ ಹಣದ ಅವಶ್ಯಕತೆಯಿದೆ. ಮಗಳ ಕಾಲೇಜಿನ ಶುಲ್ಕ ಕಟ್ಟಬೇಕು, ತಂದೆಯವರ ಔಷಧಿಗೆ ಬೇಕು. ಸತ್ಯ ಹೇಳಿದರೆ ನನ್ನ ಕುಟುಂಬಕ್ಕೆ ನಷ್ಟ." ಈ ಮಾತನ್ನು ಹಗುರವಾಗಿ ತಳ್ಳಿಹಾಕಬಾರದು. ಪ್ರಾಮಾಣಿಕತೆಗೆ ಬೆಲೆಯಿಲ್ಲವೆಂದು ಬೋಧಿಸುವವರು ಬಡತನವನ್ನು ಕಂಡವರಲ್ಲ. ಆದರೆ ಲೆಕ್ಕವನ್ನು ಸರಿಯಾಗಿ ಹಾಕಿ ನೋಡೋಣ. ಉದಾಹರಣೆಗೆ, ಇಂಜಿನ್ ಸರಿಯಿದ್ದರೆ ಆ ಕಾರಿಗೆ 60,000 ರೂಪಾಯಿ ಬರುತ್ತದೆ, ಇಂಜಿನ್ ಕೆಲಸಕ್ಕೆ 35,000 ರೂಪಾಯಿ ತಗಲುತ್ತದೆ ಎಂದಿಟ್ಟುಕೊಳ್ಳಿ. ಹಾಗಾದರೆ ಇಂದು ನಿಮ್ಮ ಕೈಯಲ್ಲಿರುವುದು 25,000 ರೂಪಾಯಿಯ ಕಾರು. ಮೌನವಾಗಿದ್ದು 60,000 ಪಡೆದರೆ, ಹೆಚ್ಚಿಗೆ ಬಂದ 35,000 ಎಲ್ಲಿಂದ ಬಂತು? ರಿಪೇರಿಯ ಖರ್ಚು ಮಾಯವಾಗಲಿಲ್ಲ, ಅದರ ಚೀಟಿಯಲ್ಲಿ ಹೆಸರು ಮಾತ್ರ ಬದಲಾಯಿತು. ಅವನಿಗೂ ಕಾಲೇಜಿಗೆ ಹೋಗುವ ಮಗಳಿರಬಹುದು, ಔಷಧಿ ಬೇಕಾದ ತಂದೆಯಿರಬಹುದು. ನಿಮ್ಮ ಕಾರು ಕೆಟ್ಟ ದಿನವೇ ನಿಮಗೆ ನಷ್ಟವಾಗಿ ಹೋಯಿತು. ಸತ್ಯ ಹೇಳುವುದರಿಂದ ಹೊಸ ನಷ್ಟವೇನೂ ಆಗುವುದಿಲ್ಲ.

ಇಲ್ಲಿಯವರೆಗೆ ಹಣದ ಮಾತಾಯಿತು. ಇಂಜಿನ್ನಿನ ವಿಷಯದಲ್ಲಿ ಹಣಕ್ಕಿಂತ ದೊಡ್ಡದೊಂದು ಅಪಾಯವಿದೆ. ಪಟ್ಟಣದೊಳಗೆ ಸಾಧಾರಣವಾಗಿ ಓಡುವ ಕೆಟ್ಟ ಇಂಜಿನ್ ಭಾರ ಹೊತ್ತು ಏರು ಹತ್ತುವಾಗಲೇ ಸೋಲುತ್ತದೆ. ಗುಂಡ್ಯದಿಂದ ಸಕಲೇಶಪುರದ ಕಡೆಗೆ ಶಿರಾಡಿ ಘಾಟಿಯನ್ನು ಏರುವ ರಸ್ತೆಯನ್ನು ನೀವು ಬಲ್ಲಿರಿ. ಮಳೆಗಾಲದ ಒಂದು ರಾತ್ರಿ, ಹಿಂದೆ ಮುಂದೆ ಲಾರಿಗಳ ಸಾಲು, ತಿರುವಿನಲ್ಲಿ ಕುದಿಯುವ ರೇಡಿಯೇಟರಿನೊಡನೆ ನಿಂತುಹೋದ ಕಾರು, ಅದರೊಳಗೆ ಮಲಗಿದ ಮಗು ಮತ್ತು ವಯಸ್ಸಾದ ತಾಯಿ. ಈ ಚಿತ್ರವನ್ನು ಕಲ್ಪಿಸಿಕೊಳ್ಳುವಷ್ಟು ತಿಳಿವಳಿಕೆ ಮಾರಿದವನಿಗೆ ಇತ್ತು, ಕೊಂಡವನಿಗೆ ಇರಲಿಲ್ಲ. ತನ್ನ ಮನೆಯವರನ್ನು ಇನ್ನು ಇದರಲ್ಲಿ ದೂರ ಕರೆದೊಯ್ಯಬಾರದೆಂದು ನಿರ್ಧರಿಸಿದವನು ಇನ್ನೊಬ್ಬನ ಮನೆಯವರನ್ನು ಅದರಲ್ಲಿ ಕಳುಹಿಸುವುದು ಯಾವ ನ್ಯಾಯ?

ಹಾಗಾದರೆ ಮಾಡಬೇಕಾದುದೇನು? ಕಷ್ಟದ ಕೆಲಸವೇನಲ್ಲ. "ಇಂಜಿನ್ ಬಿಸಿಯಾಗುತ್ತದೆ, ಹೆಡ್ ಕೆಲಸ ಇದೆ ಎಂದು ಮೆಕ್ಯಾನಿಕ್ ಹೇಳಿದ್ದಾನೆ, ಖರ್ಚು ಇಷ್ಟಾಗಬಹುದು, ಅದನ್ನು ಕಳೆದೇ ಬೆಲೆ ಹೇಳಿದ್ದೇನೆ" ಎಂದು ನಾಲ್ಕು ಮಾತುಗಳಲ್ಲಿ ತಿಳಿಸಿದರೆ ಸಾಕು. ಕೆಲವರು ಎದ್ದು ಹೋಗುತ್ತಾರೆ, ಹೋಗಲಿ. ಕೆಟ್ಟ ಇಂಜಿನ್ನೆಂದು ತಿಳಿದೇ ಕೊಳ್ಳುವವರೂ ಇದ್ದಾರೆ: ಸ್ವತಃ ಕೆಲಸ ಬಲ್ಲ ಮೆಕ್ಯಾನಿಕ್ಕುಗಳು, ಬಿಡಿಭಾಗಗಳಿಗಾಗಿ ಹುಡುಕುವವರು. ಯಾರಿಗೂ ಬೇಡವಾದರೆ ಗುಜರಿಯ ದಾರಿಯಿದೆ. ಖಾಸಗಿ ಕಾರಿನ ನೋಂದಣಿಯು 15 ವರ್ಷಗಳಿಗೆ ಮುಗಿಯುತ್ತದೆ. ಅನಂತರ ಪರೀಕ್ಷೆಗೆ ಒಳಪಡಿಸಿ ಐದೈದು ವರ್ಷಗಳಿಗೆ ನವೀಕರಿಸಬೇಕು. 2021ರಲ್ಲಿ ಬಂದ ನಿಯಮಗಳ ಪ್ರಕಾರ ನೋಂದಾಯಿತ ಗುಜರಿ ಕೇಂದ್ರಗಳಿಗೆ ಹಳೆಯ ವಾಹನವನ್ನು ಒಪ್ಪಿಸಿ ಪ್ರಮಾಣಪತ್ರ ಪಡೆಯಬಹುದು. ಇಷ್ಟು ವರ್ಷ ಮನೆಯವರನ್ನು ಹೊತ್ತ ಕಾರು ಕಬ್ಬಿಣದ ತೂಕಕ್ಕೆ ಹೋಗುವುದು ಮನಸ್ಸಿಗೆ ನೋವಿನ ಸಂಗತಿಯೇ. ಆದರೆ ಆ ನೋವು ಯಾರನ್ನೂ ಮೋಸಗೊಳಿಸುವುದಿಲ್ಲ.

ಪ್ರಿಯ ವಾಚಕರೇ, ಕಾನೂನಿನ ಆ ಎರಡನೆಯ ದೃಷ್ಟಾಂತವನ್ನು ಮತ್ತೊಮ್ಮೆ ನೆನೆಯಿರಿ. ಅಪರಿಚಿತನ ಮುಂದೆ ಸುಮ್ಮನಿರಬಹುದು, ಮಗಳ ಮುಂದೆ ಸುಮ್ಮನಿರಲಾಗದು ಎನ್ನುತ್ತದೆ ಅದು. ಕಾನೂನು ಎಲ್ಲೋ ಒಂದು ಕಡೆ ಗೆರೆ ಎಳೆಯಲೇಬೇಕು, ಅದನ್ನು ದೂರುವಂತಿಲ್ಲ. ಮನಸ್ಸಾಕ್ಷಿಗೆ ಆ ಗೆರೆಯ ಹಂಗಿಲ್ಲ. ಕೊಳ್ಳಲು ಬಂದವನು ನಿಮ್ಮ ಮಗಳಾಗಿದ್ದರೆ ನೀವು ಏನು ಹೇಳುತ್ತಿದ್ದಿರೋ ಅದನ್ನೇ ಅವನಿಗೂ ಹೇಳಿರಿ. ಇನ್ನೂ ಒಂದು ಮಾತು. ಅಂಗಳದಲ್ಲಿ ವ್ಯಾಪಾರದ ಮಾತು ನಡೆಯುವಾಗ ನಿಮ್ಮ ಸ್ವಂತ ಮಗಳೋ ಮಗನೋ ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿರುತ್ತಾರೆ. ಇಂಜಿನ್ ಕೆಟ್ಟಿದೆಯೆಂದು ಅವರಿಗೂ ಗೊತ್ತು. ಕಳೆದ ವಾರ ದಾರಿಯಲ್ಲಿ ಕಾರು ತಳ್ಳಿದವರು ಅವರೇ. ತಂದೆಯ ಬಾಯಿಂದ ಏನು ಬರುತ್ತದೆಂದು ಅವರು ಕಾಯುತ್ತಿರುತ್ತಾರೆ.