ಕೊಟ್ಟ ವೇಳೆಯೂ ಒಂದು ಕರಾರು



ವಚನಭಂಗ ಎಂದೊಡನೆ ಸಾಲ, ಜಮೀನು, ಮದುವೆ ಮಾತುಕತೆಯಂತಹ ದೊಡ್ಡ ವ್ಯವಹಾರಗಳೇ ನಮ್ಮ ನೆನಪಿಗೆ ಬರುತ್ತವೆ. ಆದರೆ ನಮ್ಮ ದೇವಭಯವು ಪರೀಕ್ಷೆಗೊಳಗಾಗುವುದು ಹೆಚ್ಚಾಗಿ ಚಿಕ್ಕ ಮಾತುಗಳಲ್ಲಿ. 'ಸಂಜೆ ಐದಕ್ಕೆ ಬರುತ್ತೇನೆ' ಎಂದು ಕ್ಷೌರಿಕನಿಗೆ ಫೋನಿನಲ್ಲಿ ಹೇಳುತ್ತೇವೆ, ಹೋಗುವುದಿಲ್ಲ. ಮದುವೆಯ ಮುನ್ನಾದಿನ ಮದರಂಗಿ ಹಚ್ಚಲು, ಕೂದಲು ಸರಿಪಡಿಸಲು ಪಾರ್ಲರಿನ ಸಹೋದರಿಯಿಂದ ವೇಳೆ ಪಡೆಯುತ್ತೇವೆ, ಬಳಿಕ ಬೇರೆಡೆಗೆ ಹೋಗಿಬಿಡುತ್ತೇವೆ. 'ಅವರಿಂದ ನಾವು ಏನನ್ನೂ ಪಡೆದಿಲ್ಲವಲ್ಲ, ನಷ್ಟವೇನು?' ಎಂದು ಸಮಾಧಾನಪಟ್ಟುಕೊಳ್ಳುತ್ತೇವೆ.

ಈ ಸಮಾಧಾನ ಸರಿಯೇ? ಬಟ್ಟೆಯ ವ್ಯಾಪಾರಿ ಇಂದು ಮಾರಾಟವಾಗದ್ದನ್ನು ನಾಳೆ ಮಾರಬಲ್ಲ. ಕ್ಷೌರಿಕನ ಸರಕು ಅವನ ಕೈಕೆಲಸ ಮತ್ತು ಅವನ ವೇಳೆ. ಖಾಲಿ ಕುರ್ಚಿಯ ಮುಂದೆ ಕಳೆದುಹೋದ ಒಂದು ಗಂಟೆಯನ್ನು ಅವನು ಮರುದಿನ ಯಾರಿಗೂ ಮಾರಲಾರ. ಈದ್‌ನ ಹಿಂದಿನ ರಾತ್ರಿ ನಿಮಗಾಗಿ ಅವನು ಇನ್ನೊಬ್ಬ ಗಿರಾಕಿಯನ್ನು ವಾಪಸು ಕಳಿಸಿರಬಹುದು. ಮನೆಯ ಒಂದು ಕೋಣೆಯಲ್ಲೇ ಪಾರ್ಲರ್ ನಡೆಸಿ ಮಕ್ಕಳನ್ನು ಓದಿಸುವ ಸಹೋದರಿಗಂತೂ ಆ ಒಂದು ಗಂಟೆಯೇ ಅಂದಿನ ಅಕ್ಕಿಯ ಹಣವಾಗಿರಬಹುದು.

ಕರಾರನ್ನು ಪಾಲಿಸಿರಿ, ಅದರ ಕುರಿತು ವಿಚಾರಣೆ ನಡೆಯಲಿದೆ ಎಂದು ಪವಿತ್ರ ಕುರ್‌ಆನ್ (17:34) ಎಚ್ಚರಿಸುತ್ತದೆ. ಪ್ರವಾದಿ ಇಸ್ಮಾಈಲ್(ಅ)ರನ್ನು ಪ್ರಶಂಸಿಸುವಾಗ ಅಲ್ಲಾಹನು ಮೊದಲು ಹೇಳಿದ ಗುಣವೇ ಅವರು ವಚನಪಾಲಕರಾಗಿದ್ದರು ಎಂಬುದು (19:54). ಕೊಟ್ಟ ಮಾತಿಗೆ ತಪ್ಪುವುದನ್ನು ಪ್ರವಾದಿ ಮುಹಮ್ಮದ್(ಸ)ರು ಕಪಟವಿಶ್ವಾಸಿಯ ಲಕ್ಷಣಗಳಲ್ಲಿ ಎಣಿಸಿರುವುದನ್ನು ಬುಖಾರಿ ಮತ್ತು ಮುಸ್ಲಿಮ್ ಗ್ರಂಥಗಳಲ್ಲಿ ಕಾಣಬಹುದು. ಬರುವ ಮನಸ್ಸಿದ್ದೂ ತಡೆಯುಂಟಾದವನು ಈ ಎಚ್ಚರಿಕೆಗೆ ಗುರಿಯಲ್ಲ. ಆದರೆ ಬರಲಾಗದೆಂದು ತಿಳಿದೂ ಒಂದು ಕರೆ ಮಾಡದವನಿಗೆ ಯಾವ ನೆಪವಿದೆ? ಮರುದಿನ 'ಜ್ವರ ಬಂದಿತ್ತು' ಎಂದು ಸುಳ್ಳು ಹೇಳಿದರೆ ಒಂದು ತಪ್ಪಿಗೆ ಇನ್ನೊಂದು ಸೇರಿತು, ಅಷ್ಟೇ.

'ಇನ್ಶಾ ಅಲ್ಲಾಹ್' ಎಂಬ ಪವಿತ್ರ ಮಾತನ್ನೂ ನಾವು ನುಣುಚಿಕೊಳ್ಳುವ ದಾರಿಯನ್ನಾಗಿ ಮಾಡಿಕೊಂಡಿದ್ದೇವೆ. ನಾಳೆ ಮಾಡುತ್ತೇನೆ ಎನ್ನುವಾಗ ಅಲ್ಲಾಹನ ಇಚ್ಛೆಯನ್ನು ಸ್ಮರಿಸಬೇಕೆಂದು ಸೂರಃ ಅಲ್ ಕಹ್ಫ್ (18:23-24) ಕಲಿಸಿದ್ದು ನಮ್ಮ ಸಂಕಲ್ಪವನ್ನು ವಿನಯಗೊಳಿಸಲಿಕ್ಕೆ, ಸಡಿಲಗೊಳಿಸಲಿಕ್ಕಲ್ಲ.

ಇನ್ನೊಂದು ವಿಷಯವನ್ನೂ ಯೋಚಿಸಿರಿ. ಕ್ಷೌರಿಕನು ನಮ್ಮನ್ನು ಅರ್ಧ ಗಂಟೆ ಕಾಯಿಸಿದರೆ ನಾವು ಸಿಡುಕುತ್ತೇವೆ. ನಾವು ಅವನನ್ನು ಕಾಯಿಸಿದರೆ ಅದು ಲೆಕ್ಕಕ್ಕಿಲ್ಲ. ತಾವು ಪಡೆಯುವಾಗ ಪೂರ್ತಿ ಅಳೆದು, ಇತರರಿಗೆ ಕೊಡುವಾಗ ಕಡಿತ ಮಾಡುವವರಿಗೆ ವಿನಾಶವಿದೆ ಎಂದು ಕುರ್‌ಆನ್ (83:1-3) ಸಾರಿದೆ. ಕಡಿತವಾಗುವುದು ತಕ್ಕಡಿಯಲ್ಲಿ ಮಾತ್ರವೇ? ಅಬೂ ತೈಬಾ ಎಂಬವರು ಪ್ರವಾದಿ(ಸ)ರಿಗೆ ಹಿಜಾಮಾ ಚಿಕಿತ್ಸೆ ಮಾಡಿದಾಗ ಪ್ರವಾದಿ(ಸ)ರು ಅವರಿಗೆ ಪ್ರತಿಫಲವನ್ನು ಕೊಡಿಸಿದ್ದಲ್ಲದೆ, ಅವರ ಯಜಮಾನರೊಡನೆ ಮಾತನಾಡಿ ಅವರ ಮೇಲಿದ್ದ ಹೊರೆಯನ್ನೂ ಕಡಿಮೆ ಮಾಡಿಸಿದರು. ಶ್ರಮಿಕನನ್ನು ಕಾಣಬೇಕಾದ ರೀತಿ ಇದು.

ಇನ್ನು ಕತ್ತರಿ ಹಿಡಿದ ಸಹೋದರ ಸಹೋದರಿಯರಿಗೂ ಒಂದು ಮಾತು. ತಪ್ಪಿಸಿಕೊಂಡ ಗಿರಾಕಿ ಮತ್ತೆ ಬಂದಾಗ ಮುಖ ಸಿಂಡರಿಸುವುದು, ಬೇಕೆಂದೇ ಕಾಯಿಸುವುದು, ಕೆಲಸವನ್ನು ಅರೆಮನಸ್ಸಿನಿಂದ ಮುಗಿಸುವುದು, ಇತರ ಗಿರಾಕಿಗಳ ಮುಂದೆ ಅವರ ಹೆಸರೆತ್ತಿ ಆಡಿಕೊಳ್ಳುವುದು ನಡೆಯುತ್ತದೆ. ನಷ್ಟವಾದದ್ದು ನಿಜ, ನೋವೂ ನಿಜ. ಆದರೆ ಒಂದು ಜನತೆಯ ಮೇಲಿನ ದ್ವೇಷವೂ ನಿಮ್ಮನ್ನು ನ್ಯಾಯದಿಂದ ಸರಿಸಬಾರದೆಂಬ ಆಜ್ಞೆಯಿರುವಾಗ (5:8), ಒಬ್ಬ ಗಿರಾಕಿಯ ಮೇಲಿನ ಮುನಿಸು ಸರಿಸಬಹುದೇ? ಅವರ ಮನೆಯಲ್ಲಿ ರೋಗವಿತ್ತೋ, ಮರಣವಾಗಿತ್ತೋ ಯಾರು ಬಲ್ಲರು? ಗುಮಾನಿಯನ್ನೂ ಪರದೂಷಣೆಯನ್ನೂ ಅಲ್ಲಾಹನು ಒಂದೇ ಸೂಕ್ತದಲ್ಲಿ (49:12) ನಿಷೇಧಿಸಿದ್ದಾನೆ. ಮೊದಲು ಕ್ಷೇಮ ವಿಚಾರಿಸಿರಿ. ಕೋಪವನ್ನು ನುಂಗಿ ಕ್ಷಮಿಸುವವರು ಅಲ್ಲಾಹನಿಗೆ ಪ್ರಿಯರು (3:134).

ಹಾಗಾದರೆ ಅವರು ಸದಾ ನಷ್ಟ ಅನುಭವಿಸುತ್ತಲೇ ಇರಬೇಕೇ? ಇಲ್ಲ. ಪದೇ ಪದೇ ತಪ್ಪುವವರಿಗೆ ವೇಳೆ ಕೊಡಲಾಗದೆಂದು ಸೌಜನ್ಯದಿಂದ ಹೇಳುವುದು ಅನ್ಯಾಯವಲ್ಲ. ಬಾರದಿದ್ದರೆ ಮರಳಿಸದ ಮುಂಗಡ ಹಣವನ್ನು ಫಿಕ್ಹ್‌ನಲ್ಲಿ 'ಉರ್ಬೂನ್' ಎನ್ನುತ್ತಾರೆ. ಹೆಚ್ಚಿನ ಮದ್‌ಹಬ್‌ಗಳು ಇದನ್ನು ಒಪ್ಪಿಲ್ಲ, ಹಂಬಲಿ ಮದ್‌ಹಬ್ ಅನುಮತಿಸಿದೆ. 1993ರಲ್ಲಿ ಅಂತಾರಾಷ್ಟ್ರೀಯ ಇಸ್ಲಾಮೀ ಫಿಕ್ಹ್ ಅಕಾಡೆಮಿಯು, ಅವಧಿ ನಿಗದಿಯಾಗಿದ್ದರೆ ಇದಕ್ಕೆ ಅವಕಾಶವಿದೆಯೆಂದು ನಿರ್ಣಯಿಸಿತು. ನಿಮ್ಮ ಊರಿನ ಉಲಮಾಗಳೊಡನೆ ವಿಚಾರಿಸಿ ನಡೆಯಿರಿ. ಯಾವ ಷರತ್ತಿದ್ದರೂ ಅದನ್ನು ಮೊದಲೇ ಸ್ಪಷ್ಟವಾಗಿ ತಿಳಿಸಿರಬೇಕು. ಹೇಳದೆ, ಗಿರಾಕಿ ಬಂದ ಮೇಲೆ ಹೇರುವ ದಂಡ ಸಲ್ಲದು.

ಓದುಗರೇ, ಯಾರನ್ನಾದರೂ ಹೀಗೆ ಕಾಯಿಸಿದ್ದರೆ ನಾಚಿಕೆಯಿಂದ ಬೇರೆ ಅಂಗಡಿ ಹುಡುಕಬೇಡಿರಿ. ಅದೇ ಅಂಗಡಿಗೆ ಹೋಗಿರಿ, ತಪ್ಪಾಯಿತೆನ್ನಿರಿ, ಆ ಗಂಟೆಯ ಕೂಲಿಯನ್ನು ಸಂತೋಷದಿಂದ ಮುಂದಿಡಿರಿ. ದಾಸರ ಹಕ್ಕುಗಳ ವಿಷಯದಲ್ಲಿ, ಹಕ್ಕು ಕಳೆದುಕೊಂಡವನ ಮನಸ್ಸು ಒಲಿಯದೆ ನಮ್ಮ ತೌಬಾ ಪೂರ್ಣವಾಗುವುದಿಲ್ಲ. ತಹಜ್ಜುದ್‌ನಲ್ಲಿ ಅತ್ತರೂ ಕ್ಷೌರಿಕನ ಬಾಕಿ ಕ್ಷೌರಿಕನ ಬಳಿಯೇ ಉಳಿದಿರುತ್ತದೆ.

ಅಲ್ಲಾಹನು ನಮ್ಮನ್ನು ವಚನಪಾಲಕರ ಸಾಲಿನಲ್ಲಿಯೂ, ಕ್ಷಮಿಸುವವರ ಸಾಲಿನಲ್ಲಿಯೂ ಸೇರಿಸಲಿ. ಆಮೀನ್.