ಮಾರಿದವನ ಕೈ ಎಲ್ಲಿಯವರೆಗೆ?

ಬೆಂಗಳೂರಿನ ವಿಜಯನಗರದಲ್ಲೊಂದು ಮನೆ ಕ್ರಯವಾಗುತ್ತದೆ. ಕೊಂಡವರು ಪುತ್ರಪೌತ್ರ ಪಾರಂಪರ್ಯವಾಗಿ ಅನುಭವಿಸಿಕೊಂಡು ಬರಬಹುದೆಂದು ಕ್ರಯಪತ್ರದಲ್ಲಿ ಬರೆಸುತ್ತಾರೆ. ವರ್ಷ ಕಳೆದ ಮೇಲೆ ಮಾರಿದವರೇ ರಾತ್ರಿ ಬಂದು ಒಂದು ಕಿಟಕಿಗೆ ಇಟ್ಟಿಗೆ ಕಟ್ಟಿ ಹೋದರೆ ಬೀದಿಯವರೆಲ್ಲ ಅದನ್ನು ಅತಿಕ್ರಮಣ ಎನ್ನುತ್ತಾರೆ. ಅದೇ ಬೀದಿಯಲ್ಲಿ ಕೊಂಡ ಫೋನು, ಟಿವಿ, ಪ್ರಿಂಟರುಗಳಿಗೆ ಹೀಗಾದಾಗ ಮಾತ್ರ ಅಪ್‌ಡೇಟ್ ಎಂದು ಸುಮ್ಮನಾಗುತ್ತೇವೆ. ಈ ಸುಮ್ಮನಿರುವಿಕೆ ತಪ್ಪು. ಮಾರಾಟವೆಂದರೆ ಬಿಟ್ಟುಕೊಡುವುದು. ಹಣ ಪಡೆದು ಕೊಟ್ಟ ಸೌಲಭ್ಯವನ್ನು ಆಮೇಲೆ ಕೈಹಾಕಿ ಕಿತ್ತುಕೊಳ್ಳುವ ಹಕ್ಕು ಯಾವ ತಯಾರಕನಿಗೂ ಇರಬಾರದು.

ಸೋನಿ ಕಂಪನಿಯ ಆಟದ ಯಂತ್ರ ಪ್ಲೇಸ್ಟೇಷನ್ 3ರ ಪ್ರಕರಣದಲ್ಲಿ ಈ ಪ್ರಶ್ನೆ ನಿಚ್ಚಳವಾಗಿ ಕಾಣುತ್ತದೆ. ಅದರಲ್ಲಿ ಲಿನಕ್ಸ್ ಎಂಬ ಕಾರ್ಯಾಚರಣ ವ್ಯವಸ್ಥೆ ಹಾಕಿಕೊಂಡು ಕಂಪ್ಯೂಟರಿನಂತೆ ಬಳಸಬಹುದಿತ್ತು. 2010ರ ಏಪ್ರಿಲ್ 1ರಂದು ಬಂದ 3.21 ಅಪ್‌ಡೇಟ್ ಆ ಸೌಲಭ್ಯವನ್ನು ತೆಗೆಯಿತು. ಸೋನಿ ಕೊಟ್ಟ ಕಾರಣ ಸುರಕ್ಷತೆ. ಬೇಡವೆಂದವರಿಗೆ ಆನ್‌ಲೈನ್ ಆಟವೇ ಬಂದ್. ಎರಡೂ ಸೌಲಭ್ಯಕ್ಕೆ ಹಣ ಕೊಟ್ಟವನು ಈಗ ಒಂದನ್ನು ಉಳಿಸಿಕೊಳ್ಳಲು ಇನ್ನೊಂದನ್ನು ಬಿಡಬೇಕಾಯಿತು. ಅಮೆರಿಕದಲ್ಲಿ ವರ್ಷಗಟ್ಟಲೆ ನಡೆದ ವ್ಯಾಜ್ಯ ಕೊನೆಗೆ 37.5 ಲಕ್ಷ ಡಾಲರ್ ರಾಜಿಯಲ್ಲಿ ಮುಗಿಯಿತು.

ನೀವೇ ಒಪ್ಪಿ ಬಟನ್ ಒತ್ತಿದಿರಲ್ಲ ಎಂಬುದು ಕಂಪನಿಗಳ ಉತ್ತರ. ಆದರೆ ಇಬ್ಬರೂ ಒಂದೇ ವಿಷಯವನ್ನು ಒಂದೇ ಅರ್ಥದಲ್ಲಿ ಒಪ್ಪಿದರೆ ಮಾತ್ರ ಸಮ್ಮತಿ ಎನ್ನುತ್ತದೆ ನಮ್ಮ 1872ರ ಕರಾರು ಕಾಯ್ದೆ. ಬಸವೇಶ್ವರನಗರದ ನಿವೃತ್ತ ಮೇಷ್ಟ್ರೊಬ್ಬರು ಹತ್ತಾರು ಪುಟಗಳ ಇಂಗ್ಲಿಷ್ ಷರತ್ತುಗಳ ಕೆಳಗೆ ಬೆರಳಿಟ್ಟಾಗ ಕಂಪನಿಗೂ ಅವರಿಗೂ ಒಂದೇ ಅರ್ಥ ಹೊಳೆದಿರುತ್ತದೆಯೆ? ಬೇಡವೆನ್ನುವ ದಾರಿಯನ್ನೇ ಮುಚ್ಚಿ ಪಡೆದ ಹೂಂಗುಟ್ಟುವಿಕೆಗೆ ನೈತಿಕ ಬೆಲೆಯಿಲ್ಲ.

ಇನ್ನೆರಡು ವಾದಗಳನ್ನು ಗೌರವದಿಂದಲೇ ಕೇಳಬೇಕು. ಸುರಕ್ಷತೆಯ ಅಪ್‌ಡೇಟ್ ಅಗತ್ಯ ಎಂಬುದು ಮೊದಲನೆಯದು. ನಿಜ. ಫೋನಿನಲ್ಲೇ ಬ್ಯಾಂಕು ಇರುವ ಕಾಲದಲ್ಲಿ ಅದನ್ನು ತಡೆಯುವುದು ಅವಿವೇಕ. ಅದಕ್ಕೇ ಸುರಕ್ಷತೆಯ ತೇಪೆಯನ್ನೂ ಸೌಲಭ್ಯದ ಬದಲಾವಣೆಯನ್ನೂ ಒಂದೇ ಗಂಟಿನಲ್ಲಿ ಕಟ್ಟಬಾರದು. ಯಾವ ಸೌಲಭ್ಯವನ್ನೂ ಶಾಶ್ವತವಾಗಿ ಸಲಹಲಾಗದು ಎಂಬುದು ಎರಡನೆಯದು. ಇದೂ ನಿಜವೇ. ಆದರೆ ಸಲಹುವುದನ್ನು ನಿಲ್ಲಿಸುವುದು ಬೇರೆ, ಕಿತ್ತುಕೊಳ್ಳುವುದು ಬೇರೆ. ಕಾಮಾಕ್ಷಿಪಾಳ್ಯದ ಶೆಡ್ಡಿನಲ್ಲಿರುವ ಹಳೆಯ ಲೇತಿಗೆ ತಯಾರಕ ಬಿಡಿಭಾಗ ಕೊಡುವುದನ್ನು ನಿಲ್ಲಿಸಿದರೆ ಪಕ್ಕದ ಶೆಡ್ಡಿನಲ್ಲಿ ಮಾಡಿಸಿಕೊಳ್ಳಬಹುದು. ತಯಾರಕನೇ ಬಂದು ಗೇರು ಬಿಚ್ಚಿಕೊಂಡು ಹೋದರೆ ಮಾಲೀಕನೆಂಬ ಮಾತಿಗೇ ಅರ್ಥವಿಲ್ಲ.

ಕಾನೂನು ಈ ತತ್ವವನ್ನು ಬಹಳ ಹಿಂದೆಯೇ ಬಲ್ಲದು. ಕೊಂಡವನು ವಸ್ತುವನ್ನು ಅಡಚಣೆಯಿಲ್ಲದೆ ಅನುಭವಿಸುತ್ತಾನೆಂಬ ಭರವಸೆ ಪ್ರತಿ ಮಾರಾಟದಲ್ಲೂ ಅಡಗಿದೆ ಎನ್ನುತ್ತದೆ 1930ರ ಸರಕು ಮಾರಾಟ ಕಾಯ್ದೆಯ 14ನೇ ಕಲಮು. ಮಾಲೀಕನ ಅನುಮತಿಯಿಲ್ಲದೆ ಕಂಪ್ಯೂಟರಿನ ಮಾಹಿತಿ ಬದಲಿಸಿ ಅದರ ಉಪಯುಕ್ತತೆ ತಗ್ಗಿಸಿದರೆ ಪರಿಹಾರ ಕೊಡಬೇಕೆನ್ನುತ್ತದೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಮು. ಅನ್ಯಾಯದ ಕರಾರಿನ ಷರತ್ತುಗಳನ್ನು ಅಸಿಂಧುಗೊಳಿಸುವ ಅಧಿಕಾರವನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ರಾಜ್ಯ ಗ್ರಾಹಕ ಆಯೋಗಕ್ಕೆ ಕೊಟ್ಟಿದೆ. ಅದೇ ಕಾಯ್ದೆಯ ಪ್ರಕಾರ, ಕಂಪನಿ ಎಲ್ಲೇ ಇದ್ದರೂ ಕೆಂಗೇರಿಯ ನಿವಾಸಿ ಶಾಂತಿನಗರದ ಬಿಎಂಟಿಸಿ ಕಟ್ಟಡದ ಜಿಲ್ಲಾ ಆಯೋಗದಲ್ಲೇ ದೂರು ಕೊಡಬಹುದು. ಗಡುವು ಎರಡು ವರ್ಷ. 5 ಲಕ್ಷ ರೂಪಾಯಿವರೆಗಿನ ವಸ್ತುವಿಗೆ ಶುಲ್ಕವಿಲ್ಲ.

ಹಳೆಯ ಐಫೋನುಗಳನ್ನು ಅಪ್‌ಡೇಟ್ ನಿಧಾನಗೊಳಿಸಬಹುದೆಂದು ಗ್ರಾಹಕರಿಗೆ ತಿಳಿಸದಿದ್ದಕ್ಕೆ ಫ್ರಾನ್ಸ್ 2020ರಲ್ಲಿ ಆ್ಯಪಲ್‌ಗೆ 2.5 ಕೋಟಿ ಯೂರೋ ದಂಡ ಹಾಕಿತು. ಐಒಎಸ್ 18ರ ಅಪ್‌ಡೇಟ್ ನಂತರದ ದೂರುಗಳ ಮೇಲೆ ಅದೇ ಕಂಪನಿಗೆ ನೋಟಿಸ್ ಕೊಟ್ಟಿರುವುದಾಗಿ 2025ರ ಜನವರಿಯಲ್ಲಿ ಕೇಂದ್ರ ಸಚಿವ ಪ್ರಲ್ಹಾದ ಜೋಶಿ ತಿಳಿಸಿದರು. ಆದರೆ ನೋಟಿಸ್ ಒಂದು ಪ್ರಕರಣಕ್ಕೆ. ಬೇಕಿರುವುದು ಎಲ್ಲರಿಗೂ ಅನ್ವಯಿಸುವ ನಿಯಮ.

ತಾನು ಕೊಟ್ಟದ್ದನ್ನಾಗಲಿ ಪರರು ಕೊಟ್ಟದ್ದನ್ನಾಗಲಿ ಕಸಿಯುವವನಿಗೆ ನಮ್ಮ ನಾಡಿನ ದಾನಶಾಸನಗಳು ಕೊನೆಯಲ್ಲಿ ಶಾಪ ಹಾಕುತ್ತವೆ. ಶಾಪದ ಜಾಗದಲ್ಲಿ ಇಂದು ನಿಯಮ ಬರಬೇಕು. ಅಪ್‌ಡೇಟ್‌ನಿಂದ ಏನು ಹೋಗುತ್ತದೆಂದು ಮೊದಲೇ ಕನ್ನಡದಲ್ಲಿ ತಿಳಿಸಬೇಕು. ಹಳೆಯ ಸ್ಥಿತಿಗೆ ಮರಳುವ ದಾರಿ ಇರಬೇಕು. ಅದು ಸಾಧ್ಯವಿಲ್ಲವಾದರೆ, ಕಿತ್ತುಕೊಂಡ ಸೌಲಭ್ಯದ ಬೆಲೆಯನ್ನು ಹಿಂದಿರುಗಿಸಬೇಕು. ಈ ಮೂರನ್ನೂ ಒಪ್ಪದ ಕಂಪನಿ ತಾನು ವಸ್ತುವನ್ನು ಮಾರುತ್ತಿಲ್ಲ, ಬಾಡಿಗೆಗೆ ಕೊಡುತ್ತಿದ್ದೇನೆ ಎಂದು ಪೆಟ್ಟಿಗೆಯ ಮೇಲೆಯೇ ಬರೆಯಲಿ. ಬೆಲೆಯನ್ನೂ ಬಾಡಿಗೆಯ ಲೆಕ್ಕದಲ್ಲೇ ಕೇಳಲಿ.