ಸಮಾಜಶಾಸ್ತ್ರವೂ ಜೀವನೋಪಾಯವೂ

ವಿದ್ಯೆಯನ್ನು ಅದು ತರುವ ಸಂಬಳದಿಂದ ಅಳೆಯಬಹುದೇ ಎಂಬುದು ಹಳೆಯ ಪ್ರಶ್ನೆ. ನಮ್ಮ ನೆರೆಯವರೊಬ್ಬರ ಮಗಳು ಬಿ.ಎ. ತರಗತಿಗೆ ಸೇರಿ ಸಮಾಜಶಾಸ್ತ್ರವನ್ನೇ ಓದುವೆನೆಂದು ಹಟ ಹಿಡಿದಿರಲು, ಆಕೆಯ ತಂದೆಯವರು "ಮೇಷ್ಟ್ರೇ, ಇದನ್ನು ಓದಿದರೆ ಯಾವ ಕೆಲಸ ಸಿಕ್ಕೀತು? ತಾವೇ ಬುದ್ಧಿ ಹೇಳಬೇಕು" ಎಂದು ನನ್ನಲ್ಲಿಗೆ ಕರೆತಂದರು. ಅರ್ಥಕ್ಕಾಗಿ ವಿದ್ಯೆಯಲ್ಲವೆಂದು ಉಪದೇಶಿಸುವುದು ವಿಶ್ರಾಂತಿವೇತನವನ್ನು ಉಣ್ಣುವ ನನ್ನಂಥವನಿಗೆ ಸುಲಭವು. ಸಾಲ ಮಾಡಿ ಓದಿಸುವ ತಂದೆಗೆ ಆ ಪ್ರಶ್ನೆಯನ್ನು ಕೇಳುವ ಅಧಿಕಾರವುಂಟು.

ಉತ್ತರವನ್ನು ಮುಚ್ಚುಮರೆಯಿಲ್ಲದೆ ಹೇಳಿದೆನು. ದಾದಿಯ ಶಿಕ್ಷಣಕ್ಕೆ ಇರುವಂತೆ ಈ ಶಾಸ್ತ್ರಕ್ಕೆ ತನ್ನದೇ ಆದ ಉದ್ಯೋಗವೊಂದು ಕಾದಿರುವುದಿಲ್ಲ. ಎಂ.ಎ. ಮಾಡಿ ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾದವರು ಅಧ್ಯಾಪಕರಾಗಬಹುದು, ಐ.ಎ.ಎಸ್. ಮೊದಲಾದ ಹುದ್ದೆಗಳ ಮುಖ್ಯ ಪರೀಕ್ಷೆಗೆ ಇದನ್ನು ಐಚ್ಛಿಕ ವಿಷಯವಾಗಿ ಆರಿಸಿಕೊಳ್ಳಬಹುದು. ಸಮೀಕ್ಷೆ, ಗ್ರಾಮಾಭಿವೃದ್ಧಿಗಳನ್ನು ನಡೆಸುವ ಸಂಸ್ಥೆಗಳುಂಟು. ಉಳಿದವರಿಗೆ, ಪದವಿ ಯಾವುದಾದರೂ ಸಾಕೆನ್ನುವ ಕಛೇರಿಗಳೇ ಗತಿ.

ಹಾಗಾದರೆ ಇದರಿಂದ ಪ್ರಯೋಜನವೇನು? ಮೈಸೂರಿನಲ್ಲಿ 1916ರಲ್ಲಿ ಹುಟ್ಟಿದ ಎಂ. ಎನ್. ಶ್ರೀನಿವಾಸರು 1948ರಲ್ಲಿ ಆ ಸೀಮೆಯ ಗ್ರಾಮವೊಂದರಲ್ಲಿ ನೆಲೆಸಿ ಒಕ್ಕಲುತನ, ಜಾತಿ, ಜಗಳ, ಪಂಚಾಯತಿಗಳನ್ನು ಕಣ್ಣಾರೆ ಕಂಡು ಬರೆದಿಟ್ಟರು. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಯಾರೋ ಇಟ್ಟ ಬೆಂಕಿಗೆ, ಅವರು ವಿಂಗಡಿಸಿ ಸಿದ್ಧಪಡಿಸಿದ್ದ ಟಿಪ್ಪಣಿಗಳು ಆಹುತಿಯಾದುವು. ಆಗ ಅವರು ಬಹುಮಟ್ಟಿಗೆ ನೆನಪಿನಿಂದಲೇ ಬರೆದ ಗ್ರಂಥವು 1976ರಲ್ಲಿ ಪ್ರಕಟವಾಯಿತು. ಅಷ್ಟು ಗಮನವಿಟ್ಟು ನೆರೆಹೊರೆಯನ್ನು ನೋಡುವವರು ನಮ್ಮಲ್ಲಿ ಎಷ್ಟು ಮಂದಿ?

ನಾನಂತೂ ನೋಡಿದವನಲ್ಲ. 2001ರ ಜನಗಣತಿಯಲ್ಲಿ ಉಪಾಧ್ಯಾಯರಾದ ನಮಗೆ ಗಣತಿದಾರರ ಕೆಲಸವು ಬಿದ್ದಿತು. ಒಂದು ಮನೆಯ ಜಗುಲಿಯಲ್ಲಿ ಕುಳಿತು, ಹೆಂಡತಿಗೆ ಏನು ಕೆಲಸವೆಂದು ಯಜಮಾನನನ್ನು ಕೇಳಿದೆನು. "ಅವಳಿಗೇನು ಸ್ವಾಮಿ, ಮನೇಲಿರ್ತಾಳೆ" ಎಂದನು. ಕೆಲಸವಿಲ್ಲದವಳೆಂದು ಬರೆದುಕೊಂಡೆನು. ಆ ಹೊತ್ತಿಗೆ ಆಕೆ ಕೊಟ್ಟಿಗೆಯಲ್ಲಿ ಎಮ್ಮೆ ಕರೆಯುತ್ತಿದ್ದಳು; ನಾನು ಕುಡಿದ ಮಜ್ಜಿಗೆಯೂ ಆಕೆ ಕಡೆದುದೇ. ಮನೆಯ ಬಳಕೆಗೆಂದೇ ಹೈನು ಮಾಡಿದರೂ ಅದನ್ನು ಕೆಲಸವೆಂದು ಎಣಿಸತಕ್ಕದ್ದೆಂಬ ಸೂಚನೆ ನಮಗೆ ಇದ್ದಿತು. ಅದನ್ನು ನಾನು ಓದಿಯೂ ಇದ್ದೆನು.

ಪಾಠಶಾಲೆಯಲ್ಲಿ ತರ್ಕವನ್ನು ಓದಿದವನು ನಾನು. 'ಮನೆಯಲ್ಲಿರುವುದರಿಂದ ಕೆಲಸವಿಲ್ಲದವಳು' ಎಂಬಲ್ಲಿ ಹೇತುವು ಸವ್ಯಭಿಚಾರವೆಂದು ನಿದ್ದೆಯಲ್ಲಿಯೂ ಹೇಳಬಲ್ಲೆನು, ಮನೆಯಲ್ಲಿದ್ದೂ ದುಡಿಯುವವರಿರುವರಷ್ಟೆ. ಆದಾಗ್ಯೂ ಲೇಖನಿಯು ತಡೆಯಲಿಲ್ಲ. ಆಕೆಯನ್ನೇ ಕೇಳಬೇಕೆಂಬುದು ನನಗೆ ತೋಚಲೇ ಇಲ್ಲ. ಯಾರ ಪರವಾಗಿ ಯಾರು ಉತ್ತರ ಹೇಳುತ್ತಿರುವರು, ಹೇಳುವ ಅಧಿಕಾರವು ಅವರಿಗೆ ಹೇಗೆ ಬಂದಿತು ಎಂದು ವಿಚಾರಿಸುವುದೇ ಸಮಾಜಶಾಸ್ತ್ರದ ಮೊದಲನೆಯ ಅಭ್ಯಾಸ. ಗೈಡುಗಳನ್ನು ಬಾಯಿಪಾಠ ಮಾಡಿ ಪದವಿಯನ್ನು ಪಡೆಯುವವರಿಗೆ ಇದು ಬಾರದು; ಅಂಥವರೇ ಹೆಚ್ಚೆಂಬುದನ್ನೂ ಒಪ್ಪುವೆನು. ಆದರೆ ತಾಲ್ಲೂಕು ಕಛೇರಿಯಾಗಲಿ ಬ್ಯಾಂಕಾಗಲಿ ಆಸ್ಪತ್ರೆಯಾಗಲಿ, ಈ ಹುಡುಗಿ ಎಲ್ಲಿ ಕುಳಿತರೂ ಪರರ ಬಾಳನ್ನು ಪಟ್ಟಿಯ ಮನೆಗಳಲ್ಲಿ ತುಂಬಬೇಕಾಗುವುದು. ಆ ಪಟ್ಟಿಯನ್ನು ನಂಬಿಯೇ ಅನ್ನ, ಸಾಲ, ಔಷಧಗಳು ಹಂಚಿಕೆಯಾಗುವುವು.

ಜತೆಗೆ ಸಂಖ್ಯಾಶಾಸ್ತ್ರವನ್ನೂ ಕಂಪ್ಯೂಟರನ್ನೂ ಕಲಿಯಲೆಂದು ಹೇಳಿದೆನು. ತಂದೆಯವರು ಇನ್ನೂ ಒಪ್ಪಿಲ್ಲ. ಹುಡುಗಿಯು ಮಾತ್ರ ಹೊರಡುವಾಗ ಬಾಗಿಲಲ್ಲಿ ನಿಂತು, "ತಾತ, ಆಮೇಲೆ ಅದನ್ನು ತಿದ್ದಿದಿರಾ?" ಎಂದು ಕೇಳಿದಳು. ತಿದ್ದಿರಲಿಲ್ಲ.